ಅಂಗಳದ ಸಿಸಿ ಕ್ಯಾಮೆರಾದಲ್ಲಿ ಉಲ್ಕೆ ಹಿಡಿಯೋಕಾಗತ್ತಾ?

ಪ್ರಶ್ನೆ: ನಮಸ್ತೆ ಸರ್, ನಮ್ಮದು ತೀರ್ಥಹಳ್ಳಿ ಹತ್ರ ತೋಟದ ಮನೆ. ಅಡಿಕೆ ಕಳ್ಳರ ಕಾಟ ಅಂತ ಅಂಗಳಕ್ಕೆ ನಾಲ್ಕು ಸಿಸಿ ಕ್ಯಾಮೆರಾ ಹಾಕ್ಸಿದೀವಿ. ಡಿಸೆಂಬರ್‌ನಲ್ಲಿ ಮಗಳು ಒಂದನ್ನ ಆಕಾಶಕ್ಕೆ ತಿರುಗಿಸಿ ಉಲ್ಕೆ ರೆಕಾರ್ಡ್ ಮಾಡೋಣ ಅಂದ್ಲು. ಇಟ್ವಿ. ಕಪ್ಪು ಪರದೆ ಮೇಲೆ ಹುಳ ಹಾರಾಡಿದ್ದು ಬಿಟ್ರೆ ಏನೂ ಸಿಗ್ಲಿಲ್ಲ, ಅಂಗಳದಲ್ಲಿ ನಿಂತು ನೋಡಿದ್ರೆ ಮಾತ್ರ ಚೆನ್ನಾಗೇ ಕಾಣ್ತಿತ್ತು. ಬೇರೆ ಕ್ಯಾಮೆರಾನೇ ಬೇಕಾ? ನಮ್ಮ ಕಡೆ ಮಳೆಗೆ ಅದನ್ನ ಹೊರಗೆ ಇಡೋದಾದ್ರೂ ಹೇಗೆ?

ಉತ್ತರ: ಬೇರೆ ಕ್ಯಾಮೆರಾ ವಿಷ್ಯ ಆಮೇಲೆ ನೋಡೋಣ, ಮೊದ್ಲು ಇರೋದರ ಸೆಟ್ಟಿಂಗ್ ಬದಲಾಯ್ಸಿ. ಅದಕ್ಕೆ ಉಲ್ಕೆ ಹಿಡಿಯೋ ಶಕ್ತಿ ಇಲ್ಲ ಅಂತಲ್ಲ, ಅದನ್ನ ತಯಾರು ಮಾಡಿರೋದೇ ಕಳ್ಳನ್ನ ಹಿಡಿಯೋಕೆ, ಅಂದ್ರೆ ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ ನಿಧಾನಕ್ಕೆ ನಡ್ಕೊಂಡು ಬರೋ ದೊಡ್ಡ ಆಕಾರ ಹಿಡಿಯೋಕೆ. ಉಲ್ಕೆ ಉರಿಯೋದು 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ, ಸಣ್ಣ ಚುಕ್ಕೆ, ಹೆಚ್ಚಿನವು ಒಂದು ಸೆಕೆಂಡ್ ಒಳಗೇ ಬಂದು ಹೋಗತ್ತವೆ. ಕಳ್ಳನಿಗೋಸ್ಕರ ಕ್ಯಾಮೆರಾದಲ್ಲಿ ಹಾಕಿರೋ ಒಂದೊಂದು ಅನುಕೂಲನೂ ಉಲ್ಕೆಗೆ ಅಡ್ಡ ಬರತ್ತೆ. ಹಂಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಬರೀ ಆಫ್ ಮಾಡೋದೇ.

ಮೊದ್ಲು ಆಫ್ ಮಾಡ್ಬೇಕಾಗಿರೋದು ಐಆರ್ (ಇನ್‌ಫ್ರಾರೆಡ್) ಲೈಟ್. ಲೆನ್ಸ್ ಸುತ್ತ ಕೆಂಪಗೆ ಮಿಣುಕೋ ಎಲ್‌ಇಡಿಗಳಿದಾವಲ್ಲ ಅವು. ಅದರ ಬೆಳಕು ಮೂವತ್ತು ಮೀಟರ್ ಮುಟ್ಟಿದ್ರೆ ಹೆಚ್ಚು, ಆಕಾಶಕ್ಕೆ ಒಂದು ಚೂರೂ ಉಪಯೋಗ ಇಲ್ಲ, ಆದ್ರೆ ಹತ್ರ ಹಾರೋ ಸೊಳ್ಳೆ, ಹುಳ, ಇಬ್ಬನಿ ಹನಿ ಎಲ್ಲಾ ಬೆಳ್ಳಗೆ ಹೊಳೆಯೋ ಹಂಗೆ ಮಾಡತ್ತೆ, ಆ ಹೊಳಪಿಗೆ ಕ್ಯಾಮೆರಾ ತನ್ನ ಗೇನ್, ಅಂದ್ರೆ ಮಂದ ಬೆಳಕನ್ನ ಹಿಗ್ಗಿಸಿ ತೋರ್ಸೋದನ್ನ, ಇಳಿಸ್ಕೊಂಡುಬಿಡತ್ತೆ, ನಕ್ಷತ್ರ ಮಾಯ. ನಿಮಗೆ ಹುಳ ಮಾತ್ರ ಕಂಡಿದ್ದು ಇದಕ್ಕೇ. ಜೇಡ ಬಂದು ಲೆನ್ಸ್ ಮುಂದೆ ಬಲೆ ಕಟ್ಟೋದೂ ಆ ಹುಳದ ಆಸೆಗೆ. ಆದ್ರೆ ಒಂದು ಎಚ್ಚರ, ಐಆರ್ ಆಫ್ ಮಾಡಿದ ತಕ್ಷಣ ಕೆಲವು ಕ್ಯಾಮೆರಾ ಕಲರ್ ಮೋಡ್‌ಗೆ ಹೋಗತ್ತವೆ, ಹಂಗಾಗಬಾರ್ದು. ರಾತ್ರಿ ಪೂರ್ತಿ ಬ್ಲ್ಯಾಕ್ ಅಂಡ್ ವೈಟ್ ಅಂತ ಫಿಕ್ಸ್ ಮಾಡಿ. ಆ ಮೋಡ್‌ಗೆ ಹೋಗುವಾಗ ಒಳಗಡೆ ಟಕ್ ಅಂತ ಸಣ್ಣ ಸೌಂಡ್ ಬರತ್ತೆ, ಸೆನ್ಸರ್ ಮುಂದಿನ ಐಆರ್ ತಡೆಯೋ ಫಿಲ್ಟರ್ ಪಕ್ಕಕ್ಕೆ ಸರಿಯೋ ಸೌಂಡ್ ಅದು, ಅದು ಸರಿದ್ರೆ ಸೆನ್ಸರ್‌ಗೆ ಇನ್ನಷ್ಟು ಬೆಳಕು ಸಿಗತ್ತೆ. ರಾತ್ರಿನೂ ಕಲರ್ ತೋರ್ಸೋ ಹೊಸ ಮಾಡೆಲ್ ಆಗಿದ್ರೆ ಅದರ ಬಿಳಿ ಲೈಟ್ ಆಫ್ ಮಾಡಿ ಸಾಕು, ಅವುಗಳ ಲೆನ್ಸ್ ದೊಡ್ಡದಿರತ್ತೆ, ಈ ಕೆಲಸಕ್ಕೆ ಒಳ್ಳೇದೇ.

ಎರಡನೇದು ನಾಯ್ಸ್ ರಿಡಕ್ಷನ್, ಮೆನುವಿನಲ್ಲಿ ಡಿಎನ್‌ಆರ್ ಅಂತಲೋ 3ಡಿ ಡಿಎನ್‌ಆರ್ ಅಂತಲೋ ಇರತ್ತೆ. ನನ್ನ ಪ್ರಕಾರ ಅತಿ ಹೆಚ್ಚು ಉಲ್ಕೆ ಕಳೆದು ಹೋಗೋದು ಇದರಿಂದಲೇ, ಹಂಗಾಗಿ ಸ್ವಲ್ಪ ಲೆಕ್ಕ ಹಾಕಿ ತೋರಿಸ್ತೀನಿ. ಡಿಸೆಂಬರ್ 13-14ರ ಜೆಮಿನಿಡ್ ಉಲ್ಕೆಗಳು ಸೆಕೆಂಡ್‌ಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಬರೋವು. ಕ್ಯಾಮೆರಾ 45 ಡಿಗ್ರಿ ಮೇಲಕ್ಕೆ ನೋಡ್ತಿದ್ರೆ, 100 ಕಿಲೋಮೀಟರ್ ಎತ್ತರದ ಉಲ್ಕೆ ನಿಮ್ಮಿಂದ 140 ಕಿಲೋಮೀಟರ್ ದೂರ ಇರತ್ತೆ. ಅದು ಅಡ್ಡಡ್ಡ ಹೋದ್ರೆ ಸೆಕೆಂಡ್‌ಗೆ 14 ಡಿಗ್ರಿ ದಾಟತ್ತೆ. 4 ಎಂಎಂ ಲೆನ್ಸ್ ಅಂದ್ರೆ ಅಡ್ಡಕ್ಕೆ ಹೆಚ್ಚುಕಮ್ಮಿ 80 ಡಿಗ್ರಿ ಆಕಾಶ, 720ಪಿ ವಿಡಿಯೋದಲ್ಲಿ ಅಡ್ಡಕ್ಕೆ 1280 ಪಿಕ್ಸೆಲ್, ಒಂದು ಡಿಗ್ರಿಗೆ 16 ಪಿಕ್ಸೆಲ್ ಬಂತು. ಅಲ್ಲಿಗೆ ಉಲ್ಕೆ ಸೆಕೆಂಡ್‌ಗೆ 220ರ ಮೇಲೆ ಪಿಕ್ಸೆಲ್ ಓಡತ್ತೆ, ಸೆಕೆಂಡ್‌ಗೆ 25 ಫ್ರೇಮ್ ಅಂದ್ರೆ ಪ್ರತಿ ಫ್ರೇಮ್‌ಗೂ 9 ಪಿಕ್ಸೆಲ್ ಮುಂದೆ. ಅಂದ್ರೆ ಯಾವ ಪಿಕ್ಸೆಲ್ ಮೇಲೂ ಅದು ಎರಡನೇ ಫ್ರೇಮ್‌ವರೆಗೆ ನಿಲ್ಲೋದೇ ಇಲ್ಲ. 3ಡಿ ನಾಯ್ಸ್ ರಿಡಕ್ಷನ್ ಮಾಡೋದೇನು, ಈ ಫ್ರೇಮನ್ನ ಹಿಂದಿನ ಫ್ರೇಮ್‌ಗಳ ಜೊತೆ ಹೋಲಿಸಿ, ಒಂದೇ ಸಲ ಮಿನುಗಿ ಮುಂದಿನ ಫ್ರೇಮ್‌ನಲ್ಲಿ ಇಲ್ಲದೆ ಹೋಗೋದನ್ನೆಲ್ಲ ಕಸ ಅಂತ ಅಳಿಸೋದು. ಮಂದ ಉಲ್ಕೆ ಅದರ ಲೆಕ್ಕದಲ್ಲಿ ಕಸವೇ. ಅದಕ್ಕೇ ಸೊನ್ನೆಗೆ ಇಳಿಸಿ, ಚಿತ್ರ ಅಕ್ಕಿನುಚ್ಚು ಚೆಲ್ಲಿದ ಹಂಗೆ ಚುಕ್ಕೆ ಚುಕ್ಕೆ ಕಾಣತ್ತೆ, ಕಾಣ್ಲಿ, ಅದೇ ಬೇಕಾಗಿರೋದು.

ಶಟರ್ ಆಟೋದಲ್ಲಿದ್ರೆ ಕತ್ತಲಲ್ಲಿ ಕ್ಯಾಮೆರಾ ತಾನೇ ಸ್ಲೋ ಶಟರ್‌ಗೆ ಇಳಿಯತ್ತೆ, ಸೆಕೆಂಡ್‌ಗೆ ಆರೇಳು ಫ್ರೇಮ್ ಆಗೋಗತ್ತೆ. ನಕ್ಷತ್ರ ಚೆನ್ನಾಗಿ ಕಾಣತ್ತೆ ಅಂತ ಖುಷಿ ಆಗತ್ತೆ, ಆದ್ರೆ ಉಲ್ಕೆಗೆ ಇದರಿಂದ ಲಾಭ ಇಲ್ಲ, ಅದು ಒಂದು ಪಿಕ್ಸೆಲ್ ಮೇಲೆ ಇರೋದೇ ಕ್ಷಣಮಾತ್ರ, ಶಟರ್ ಎಷ್ಟು ಹೊತ್ತು ತೆರೆದಿದ್ರೂ ಅಲ್ಲಿ ಬೀಳೋ ಬೆಳಕು ಅಷ್ಟೇ, ಹಿನ್ನೆಲೆ ಮಾತ್ರ ಬೆಳ್ಳಗಾಗ್ತಾ ಹೋಗತ್ತೆ. 1/25 ಅಂತ ಮ್ಯಾನ್ಯುಯಲ್ ಆಗಿ ಇಟ್ಟು ಗೇನ್ ಜಾಸ್ತಿ ಮಾಡಿ. ಡಬ್ಲ್ಯೂಡಿಆರ್, ಬ್ಯಾಕ್‌ಲೈಟ್ ಇವೆಲ್ಲ ಆಫ್. ಬಿಟ್‌ರೇಟ್ (ಸೆಕೆಂಡ್‌ಗೆ ಉಳಿಸೋ ಡೇಟಾ) ಕಮ್ಮಿ ಮಾಡೋ ಸ್ಮಾರ್ಟ್ ಕೋಡೆಕ್ ಅಂತ ಒಂದಿರತ್ತೆ, ದೃಶ್ಯದಲ್ಲಿ ಏನೂ ಅಲ್ಲಾಡ್ತಿಲ್ಲ ಅಂತ ಅನ್ಸಿದ್ರೆ ಅದು ವಿಡಿಯೋನ ಸಿಕ್ಕಾಪಟ್ಟೆ ಹಿಂಡತ್ತೆ, ಆಕಾಶದಲ್ಲಿ ಯಾವಾಗ್ಲೂ ಏನೂ ಅಲ್ಲಾಡ್ತಿಲ್ಲ ಅಂತಲೇ ಅನ್ಸೋದು, ಅದನ್ನೂ ಆಫ್ ಮಾಡಿ ವಿಡಿಯೋ ಫಾರ್ಮ್ಯಾಟ್ ಎಚ್.264, 4 ಎಂಬಿಪಿಎಸ್‌ಗೆ ಕಮ್ಮಿ ಇಲ್ಲದ ಹಂಗೆ ಇಡಿ. ಮೋಷನ್ ಡಿಟೆಕ್ಷನ್ ನಂಬಬೇಡಿ, ಅದು ಹುಡುಕೋದು ಮನುಷ್ಯನಷ್ಟು ದೊಡ್ಡದನ್ನ. ರಾತ್ರಿ ಪೂರ್ತಿ ಕಂಟಿನ್ಯುಯಸ್ ರೆಕಾರ್ಡಿಂಗೇ ಬೇಕು. 4 ಎಂಬಿಪಿಎಸ್‌ನಲ್ಲಿ 12 ಗಂಟೆಗೆ ಸುಮಾರು 22 ಜಿಬಿ ಆಗತ್ತೆ, ಒಂದು ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ನಲವತ್ತು ರಾತ್ರಿಯ ಮೇಲೆ ಹಿಡಿಯತ್ತೆ, ಹಂಗಾಗಿ ಜಾಗದ ಚಿಂತೆ ಬೇಡ.

ಇಷ್ಟೆಲ್ಲ ಮಾಡಿದ್ಮೇಲೆ ಕ್ಯಾಮೆರಾ ಸಾಕಾ ಸಾಲದಾ ಅಂತ ನೋಡೋಕೆ ಸುಲಭದ ದಾರಿ ಇದೆ. ಲೈವ್ ವಿಡಿಯೋದಲ್ಲಿ ಸಪ್ತರ್ಷಿ ಮಂಡಲ ನೋಡಿ. ಏಪ್ರಿಲ್ ಮೇ ತಿಂಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಉತ್ತರಕ್ಕೆ ಇರತ್ತೆ, ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಈಶಾನ್ಯದಲ್ಲಿ. ಏಳೂ ನಕ್ಷತ್ರ ಕಾಣ್ತಿದ್ರೆ, ಅದ್ರಲ್ಲೂ ಬಾಲ ಬಂದು ಚೌಕಕ್ಕೆ ಸೇರೋ ಜಾಗದ ಮಂಕು ನಕ್ಷತ್ರ ಕಾಣ್ತಿದ್ರೆ ಕ್ಯಾಮೆರಾ ಸಾಕು. ಫೋಕಸ್ ಹೇಗಿದೆ ಅಂತ ನೋಡೋಕೆ ಬಾಲದ ಮಧ್ಯದ ವಸಿಷ್ಠನ್ನ ನೋಡಿ. ಮದುವೇಲಿ ಪುರೋಹಿತರು ಹುಡುಗ ಹುಡುಗಿಗೆ ಅಂಗಳಕ್ಕೆ ಕರ್ಕೊಂಡು ಹೋಗಿ ಅರುಂಧತಿ ತೋರಿಸ್ತಾರಲ್ಲ, ಅದೇ ಜೋಡಿ. ಎರಡರ ನಡುವೆ 12 ಕಲೆ, ಅಂದ್ರೆ ಒಂದು ಡಿಗ್ರಿಯ ಐದನೇ ಒಂದು ಭಾಗ ಅಂತರ. 1080ಪಿ ವಿಡಿಯೋದಲ್ಲಿ 4 ಎಂಎಂ ಲೆನ್ಸ್‌ಗೆ ಇದು ಹತ್ರ ಹತ್ರ ಐದು ಪಿಕ್ಸೆಲ್. ವಸಿಷ್ಠನ ಪಕ್ಕ ಅರುಂಧತಿ ಬೇರೆ ಚುಕ್ಕೆಯಾಗಿ ಕಂಡ್ರೆ ಫೋಕಸ್ ಸರಿಯಾಗಿದೆ. ಎರಡೂ ಸೇರಿ ಒಂದು ಮುದ್ದೆ ಆಗಿದ್ರೆ ಲೆನ್ಸ್ ತಿರುಗಿಸ್ಬೇಕು. ಫ್ಯಾಕ್ಟರಿಯಿಂದ ಬರುವಾಗ ಫೋಕಸ್ ಕೆಲವು ಮೀಟರ್ ದೂರಕ್ಕೆ ಇರತ್ತೆ, ನಕ್ಷತ್ರಕ್ಕೆ ಅಲ್ಲ, ಮುಂದಿನ ಗಾಜಿನ ಮುಚ್ಚಳ ಬಿಚ್ಚಿ ಲೆನ್ಸ್‌ನ ಒಂದೊಂದು ಕೂದಲೆಳೆಯಷ್ಟೇ ತಿರುಗಿಸ್ತಾ ಫೋನ್‌ನಲ್ಲಿ ಲೈವ್ ನೋಡ್ತಾ ಹೋಗಿ, ಮಗಳು ಫೋನ್ ಹಿಡ್ಕೊಂಡ್ರೆ ಕೆಲಸ ಬೇಗ ಆಗತ್ತೆ. ಲೆನ್ಸ್ ಅಂಟು ಹಾಕಿ ಕೂರಿಸಿದ್ರೆ ಬಲವಂತ ಮಾಡ್ಬೇಡಿ.

ಇಷ್ಟು ಮಾಡಿಯೂ ನಾಲ್ಕೇ ನಕ್ಷತ್ರ ಕಂಡ್ರೆ ಆಗ ಬೇರೆ ಕ್ಯಾಮೆರಾ. ತಗೊಳೋದಾದ್ರೆ ಮೆಗಾಪಿಕ್ಸೆಲ್ ಹಿಂದೆ ಹೋಗ್ಬೇಡಿ, ಅಂಗಡಿಯವ್ರು 8 ಮೆಗಾಪಿಕ್ಸೆಲ್ ತಗೊಳಿ ಅಂತಾರೆ, ಅಷ್ಟೇ ಜಾಗದ ಸೆನ್ಸರ್‌ನಲ್ಲಿ ಪಿಕ್ಸೆಲ್ ಜಾಸ್ತಿ ಆದ್ರೆ ಒಂದೊಂದಕ್ಕೆ ಸಿಗೋ ಬೆಳಕು ಕಮ್ಮಿ. 2 ಮೆಗಾಪಿಕ್ಸೆಲ್‌ನ ಸ್ಟಾರ್‌ಲೈಟ್ ಕ್ಯಾಮೆರಾ, ಸೋನಿಯ ಐಎಂಎಕ್ಸ್ 291, 307, 327 ಇವುಗಳಲ್ಲಿ ಯಾವ ಸೆನ್ಸರ್ ಇದ್ರೂ ಸರಿ. ಲೆನ್ಸ್ ಎಫ್ 1.0 ಸಿಕ್ರೆ ಬಿಡ್ಬೇಡಿ, ಎಫ್ 2.0ಗಿಂತ ನಾಲ್ಕು ಪಟ್ಟು ಬೆಳಕು. ಡೋಮ್ ಬೇಡ, ಆ ಗುಂಡು ಪ್ಲಾಸ್ಟಿಕ್ ಮೇಲೆ ಇಬ್ಬನಿ ಕೂತ್ರೆ ಕಥೆ ಮುಗೀತು, ಬುಲೆಟ್ ಮಾಡೆಲ್ ತಗೊಳಿ. ಮತ್ತೆ ಇದು ಬೇರೆಯೇ ಕ್ಯಾಮೆರಾ ಆಗಿರ್ಲಿ, ಅಂಗಳ ಕಾಯೋದನ್ನ ಅಂಗಳಕ್ಕೇ ಬಿಡಿ. ಕೊಯ್ಲಿನ ಹೊತ್ತಲ್ಲಿ ಒಣಗಿರೋ ಅಡಿಕೆ ಅಂಗಳದಲ್ಲಿ ಹರವಿರುವಾಗ ಕ್ಯಾಮೆರಾ ಮೇಲಕ್ಕೆ ತಿರುಗಿಸೋದು ಸರಿಯಲ್ಲ, ಅದಲ್ಲದೆ ಅಂಗಳ ನೋಡೋ ಕ್ಯಾಮೆರಾಗೂ ಇಲ್ಲಿ ಒಂದು ಕೆಲಸ ಇದೆ. 2013ರ ಫೆಬ್ರವರಿ 15ಕ್ಕೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಕಲ್ಲು ಸಿಡೀತಲ್ಲ, ಅದು ಬಂದ ದಾರಿ ಲೆಕ್ಕ ಹಾಕಿದ್ದು ಕಾರಿನ ಡ್ಯಾಶ್‌ಕ್ಯಾಮ್, ಸಿಸಿ ಕ್ಯಾಮೆರಾ ವಿಡಿಯೋಗಳಿಂದ, ಅದರಲ್ಲಿ ಚೌಕದ ಲೈಟ್ ಕಂಬಗಳ ನೆರಳು ನೆಲದ ಮೇಲೆ ಸರಿದಿದ್ದನ್ನೂ ಅಳೆದಿದ್ರು. ಆಕಾಶ ಕಾಣದ ಕ್ಯಾಮೆರಾದಲ್ಲೂ ನೆರಳು ಸಿಗತ್ತೆ. ಯಾವತ್ತಾದ್ರೂ ರಾತ್ರಿ ಅಂಗಳ ಹಗಲಿನಷ್ಟು ಬೆಳಕಾದ್ರೆ ಆ ಫೈಲ್ ಓವರ್‌ರೈಟ್ ಆಗೋ ಮುಂಚೆ ಪೆನ್‌ಡ್ರೈವ್‌ಗೆ ತೆಗೆದಿಟ್ಕೊಳಿ.

ದಿಕ್ಕು ಉತ್ತರ. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ಉತ್ತರಕ್ಕೆ 45-50 ಡಿಗ್ರಿ ಎತ್ತಿ ಇಟ್ರೆ ವರ್ಷದ ಯಾವ ದಿನವೂ ಬಿಸಿಲು ನೇರ ಲೆನ್ಸ್ ಒಳಗೆ ಬೀಳೋದಿಲ್ಲ, ಪೂರ್ವ ಪಶ್ಚಿಮಕ್ಕೆ ಇಟ್ರೆ ದಿನಾ ಸೂರ್ಯ ಎದುರಿಗೇ ಬಂದು ಸೆನ್ಸರ್ ಹಾಳಾಗತ್ತೆ. ಜೆಮಿನಿಡ್‌ಗೂ ಉತ್ತರವೇ ಒಳ್ಳೇದು, ಅವು ಹೊರಡೋ ಬಿಂದು ಮಿಥುನ ರಾಶಿಯಲ್ಲಿ, ಅದು ನಮಗೆ ರಾತ್ರಿ ಎರಡು ಎರಡೂವರೆ ಹೊತ್ತಿಗೆ ಉತ್ತರಕ್ಕೆ ಸುಮಾರು 70 ಡಿಗ್ರಿ ಮೇಲೆ ಇರತ್ತೆ. ಆ ಬಿಂದುವಿಗೇ ಕ್ಯಾಮೆರಾ ಗುರಿ ಇಡ್ಬೇಡಿ, ಅಲ್ಲಿ ಗೆರೆ ಗಿಡ್ಡ, ಸ್ವಲ್ಪ ದೂರ ಬಂದ್ರೆ ಉದ್ದುದ್ದ ಸಿಗತ್ತೆ. ಅಡಿಕೆ ಮರದ ಮಧ್ಯೆ ಮನೆ ಆದ್ರೆ ಹೆಂಚಿನ ಮಾಡಿಗೆ ಕಟ್ಟೋದಕ್ಕಿಂತ ಕೊಟ್ಟಿಗೆ ಹತ್ರವೋ ನೀರಿನ ಟ್ಯಾಂಕ್ ಹತ್ರವೋ ಒಂದು ಜಿಐ ಪೈಪ್ ಗಟ್ಟಿಯಾಗಿ ನೆಟ್ಟು ಅದಕ್ಕೆ ಹಾಕಿ, ಗಾಳಿಗೆ ಅಲ್ಲಾಡೋ ಸೋಗೆ ಫ್ರೇಮ್ ಒಳಗೆ ಬರದ ಹಂಗೆ ನೋಡ್ಕೊಳಿ. ಇನ್ನೊಂದು, ಡಿಸೆಂಬರ್ ಅಂದ್ರೆ ಅಡಿಕೆ ಸುಲಿಯೋ ಕಾಲ, ರಾತ್ರಿ ಹನ್ನೊಂದರ ತನಕ ಚಪ್ಪರದಲ್ಲಿ ಎಲ್‌ಇಡಿ ಬಲ್ಬ್ ಉರೀತಿರತ್ತೆ, ಹಂಡೆ ಒಲೆಯ ಹೊಗೆ ಬೇರೆ. ಬಲ್ಬಿಗೆ ಮೇಲಿಂದ ಒಂದು ತಗಡಿನ ಟೋಪಿ ಹಾಕಿದ್ರೂ ಎಷ್ಟೋ ವ್ಯತ್ಯಾಸ ಆಗತ್ತೆ, ಸುಲಿಯೋರಿಗೂ ಬೆಳಕು ಚೆನ್ನಾಗಿ ಬೀಳತ್ತೆ. ಶಿವಮೊಗ್ಗ ಸಿಟಿಯಲ್ಲಿರೋ ನಮಗೆ ಬೀದಿ ದೀಪದ ಮಧ್ಯೆ ಆ ಭಾಗ್ಯ ಇಲ್ಲ, ನಿಮ್ಮ ಕತ್ತಲೆ ದೊಡ್ಡ ಆಸ್ತಿ.

ಹನ್ನೆರಡು ಗಂಟೆ ವಿಡಿಯೋ ಕೂತು ನೋಡೋಕೆ ಯಾರಿಗೂ ಆಗಲ್ಲ, ನೋಡೋದೂ ಬೇಡ. ಇದಕ್ಕೆ ಬಳಸೋ ಉಪಾಯ ಏನಂದ್ರೆ ಹತ್ತು ಸೆಕೆಂಡ್ ವಿಡಿಯೋ, ಸರಿಯಾಗಿ ಹೇಳ್ಬೇಕಂದ್ರೆ 256 ಫ್ರೇಮ್ ತಗೊಂಡು, ಒಂದೊಂದು ಪಿಕ್ಸೆಲ್‌ಗೂ ಆ 256ರಲ್ಲಿ ಅತಿ ಹೆಚ್ಚು ಹೊಳೆದ ಬೆಲೆ ಮಾತ್ರ ಇಟ್ಕೊಂಡು ಒಂದು ಚಿತ್ರ ಮಾಡೋದು. ಉಲ್ಕೆ ಬಂದಿದ್ರೆ ಆ ಒಂದು ಚಿತ್ರದಲ್ಲೇ ಇಡೀ ಗೆರೆ ಬಿದ್ದಿರತ್ತೆ. ರಾತ್ರಿಗೆ ಸುಮಾರು 4200 ಚಿತ್ರ ಆಗತ್ತೆ, ಆ ಚಿತ್ರಗಳಲ್ಲಿ ಗೆರೆ ಹುಡುಕೋ ಕೆಲಸ ಸಾಫ್ಟ್‌ವೇರ್‌ದು. ಆರ್‌ಎಂಎಸ್ ಅಂತ ಉಚಿತವಾಗಿ ಸಿಗೋ ಸಾಫ್ಟ್‌ವೇರ್ ಇದನ್ನೆಲ್ಲ ತಾನೇ ಮಾಡತ್ತೆ, ಒಂದು ರಾಸ್ಪ್‌ಬೆರಿ ಪೈ ಕಂಪ್ಯೂಟರ್‌ನಲ್ಲಿ ಓಡತ್ತೆ, ಸಂಜೆ ತಾನೇ ಶುರು ಮಾಡಿ ಬೆಳಗ್ಗೆ ನಿಲ್ಲಿಸತ್ತೆ, ನಕ್ಷತ್ರಗಳನ್ನ ಗುರುತಿಸಿ ಯಾವ ಪಿಕ್ಸೆಲ್ ಆಕಾಶದ ಯಾವ ಜಾಗ ಅಂತನೂ ಲೆಕ್ಕ ಇಡತ್ತೆ. ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್ ನಡೆಯೋದು ಇದರ ಮೇಲೆಯೇ, ಡೆನಿಸ್ ವಿಡಾ ಅನ್ನೋ ಸಂಶೋಧಕರು ಕಟ್ಟಿದ ಜಾಲ ಅದು, ಕೆನಡಾದ ವೆಸ್ಟರ್ನ್ ಯೂನಿವರ್ಸಿಟಿಗೆ ಡೇಟಾ ಹೋಗತ್ತೆ, ಜಗತ್ತಿನಲ್ಲೆಲ್ಲಾ ಜನ ಮನೆ ಮೇಲೆ ಇಟ್ಟಿರೋದು ಇಂಥದೇ ಸಾಧಾರಣ ಸೆಕ್ಯುರಿಟಿ ಕ್ಯಾಮೆರಾದ ಬೋರ್ಡು. ಕ್ಯಾಮೆರಾದಿಂದ ಪೈಗೆ ವಿಡಿಯೋ ತರೋದು ಆರ್‌ಟಿಎಸ್‌ಪಿ ಲಿಂಕ್‌ನಿಂದ, ಐಪಿ ಕ್ಯಾಮೆರಾದಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಇರತ್ತೆ. ಪಾಸ್‌ವರ್ಡ್ ಮಾತ್ರ ಕಂಪ್ನಿ ಕೊಟ್ಟಿದ್ದನ್ನೇ ಬಿಡ್ಬೇಡಿ, ಕ್ಯಾಮೆರಾನ ನೇರ ಇಂಟರ್ನೆಟ್‌ಗೆ ತೆರೆದಿಡ್ಲೂ ಬೇಡಿ.

ಗೆರೆ ಕಂಡಿದ್ದೆಲ್ಲ ಉಲ್ಕೆ ಅಲ್ಲ. ವಿಮಾನ ಮಿಣುಕ್ತಾ ಒಂದೆರಡು ನಿಮಿಷ ಹೋಗತ್ತೆ. ಸ್ಯಾಟಲೈಟ್ ಒಂದೇ ಸಮ ನಿಧಾನಕ್ಕೆ ಹೋಗತ್ತೆ, ಬಾಹ್ಯಾಕಾಶ ನಿಲ್ದಾಣ ನೆತ್ತಿ ಮೇಲೆ ಹೋಗುವಾಗಲೂ ಸೆಕೆಂಡ್‌ಗೆ ಒಂದು ಡಿಗ್ರಿ ಆಸುಪಾಸು, ಆಗ್ಲೇ ಹೇಳಿದ 14 ಡಿಗ್ರಿ ಎಲ್ಲಿ ಇದೆಲ್ಲಿ. ಹಂಗಾಗಿ ಗೆರೆ ಹತ್ತು ಸೆಕೆಂಡ್‌ನ ಎರಡು ಮೂರು ಚಿತ್ರದಲ್ಲಿ ಮುಂದುವರಿದಿದ್ರೆ ಅದನ್ನ ಬಿಡಿ. ನಮ್ಮ ಕಡೆ ದೊಡ್ಡ ಗೊಂದಲ ಮಾಡೋದು ಮಿಂಚುಹುಳ, ಮೇ ಕೊನೆ, ಜೂನ್ ಶುರುವಿನಲ್ಲಿ ಮಳೆ ಹಿಡಿಯೋ ಮುಂಚೆ ತೋಟದ ತುಂಬ ಇರೋವಾಗ ಸಾಫ್ಟ್‌ವೇರ್ ನೂರಾರು ಉಲ್ಕೆ ಅಂತ ತೋರಿಸ್ಬೋದು. ಗುರುತು ಹಿಡಿಯೋದು ಕಷ್ಟ ಇಲ್ಲ, ಹುಳದ ಗೆರೆ ಡೊಂಕು, ದಪ್ಪ, ಹತ್ರ ಇರೋದ್ರಿಂದ ಫೋಕಸ್ ಇಲ್ಲದೆ ಹಬ್ಬಿರತ್ತೆ. ಉಲ್ಕೆ ಸ್ಕೇಲ್ ಇಟ್ಟು ಎಳೆದಷ್ಟು ನೇರ, ಶುರುವಿಗೆ ಸಣ್ಣಗೆ, ಮುಂದೆ ಹೋಗ್ತಾ ಹೊಳಪಾಗಿ, ಕೊನೆಗೆ ಗಕ್ಕನೆ ನಿಲ್ಲತ್ತೆ.

ಇನ್ನು ನೀವು ಕೇಳದೆ ಇರೋ ಒಂದು ವಿಷ್ಯ, ಆದ್ರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು, ಗಡಿಯಾರ. ಡಿವಿಆರ್‌ನ ಟೈಮ್ ತಿಂಗಳಿಗೆ ನಿಮಿಷಗಟ್ಲೆ ಆಚೀಚೆ ಹೋಗಿರತ್ತೆ, ಕಳ್ಳತನಕ್ಕೆ ಪರವಾಗಿಲ್ಲ. ಉಲ್ಕೆ ಒಂದೇ ಸೆಕೆಂಡ್‌ನಲ್ಲಿ 35 ಕಿಲೋಮೀಟರ್ ಹೋಗಿರತ್ತೆ. ಎನ್‌ಟಿಪಿ ಅಂದ್ರೆ ಇಂಟರ್ನೆಟ್‌ನಿಂದ ಟೈಮ್ ಸರಿಮಾಡ್ಕೊಳೋ ಸೌಲಭ್ಯ, ಅದನ್ನ ಆನ್ ಮಾಡಿ, ಟೈಮ್ ಝೋನ್ ಐದೂವರೆ ಗಂಟೆ ಸರಿ ಇದ್ಯಾ ನೋಡಿ. ಇಂಟರ್ನೆಟ್ ಇಲ್ಲದ ಜಾಗ ಆದ್ರೆ ಸಂಜೆ ಒಂದ್ಸಲ ಬೆಳಗ್ಗೆ ಒಂದ್ಸಲ ಸೆಕೆಂಡ್ ಸಮೇತ ಟೈಮ್ ತೋರ್ಸೋ ಜಿಪಿಎಸ್ ಆ್ಯಪ್ ಹಾಕಿದ ಫೋನನ್ನ ಕ್ಯಾಮೆರಾ ಮುಂದೆ ಹಿಡೀರಿ, ಸ್ಕ್ರೀನ್ ಮಂಜಾಗಿ ಕಂಡ್ರೆ ಅಂಕಿ ದೊಡ್ಡದು ಮಾಡ್ಕೊಳಿ, ಆಮೇಲೆ ವ್ಯತ್ಯಾಸ ಲೆಕ್ಕ ಹಾಕ್ಬೋದು.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಒಂದು ಕ್ಯಾಮೆರಾದಲ್ಲಿ ಸಿಕ್ಕ ಉಲ್ಕೆ ಚಂದದ ವಿಡಿಯೋ ಅಷ್ಟೇ, ಅದು ಹತ್ರ ಇತ್ತೋ ದೂರ ಇತ್ತೋ ಅದರಲ್ಲಿ ಗೊತ್ತಾಗಲ್ಲ. ಅದೇ ಉಲ್ಕೆ ಬೇರೆ ಊರಿನ ಇನ್ನೊಂದು ಕ್ಯಾಮೆರಾದಲ್ಲೂ ಸಿಕ್ರೆ, ಎರಡು ಕಡೆಯಿಂದ ನಕ್ಷತ್ರಗಳ ಮಧ್ಯೆ ಅದರ ಜಾಗ ಬೇರೆ ಬೇರೆ ಕಾಣತ್ತೆ, ಆ ವ್ಯತ್ಯಾಸದಿಂದ ಎತ್ತರ, ವೇಗ, ಅದು ಸೂರ್ಯನ ಸುತ್ತ ಬರ್ತಿದ್ದ ದಾರಿ ಕೂಡ ತೆಗೀಬೋದು. ಎರಡೂ ಕಡೆ ಸಿಕ್ಕಿದ್ದು ಒಂದೇ ಉಲ್ಕೆ ಅಂತ ಖಾತ್ರಿ ಆಗೋದು ಟೈಮ್‌ನಿಂದಲೇ. ತೀರ್ಥಹಳ್ಳಿಗೂ ಶಿವಮೊಗ್ಗಕ್ಕೂ ನೇರ ಗೆರೆ ಎಳೆದ್ರೆ 45 ಕಿಲೋಮೀಟರ್ ಹತ್ರ, ಶಿವಮೊಗ್ಗ ಸಾಗರ 60ರ ಮೇಲೆ, ಈ ಲೆಕ್ಕಕ್ಕೆ ಒಳ್ಳೇ ಅಂತರವೇ. ಎರಡು ಕ್ಯಾಮೆರಾನೂ ಒಂದೇ ಕಡೆಯ ಆಕಾಶದ 100 ಕಿಲೋಮೀಟರ್ ಎತ್ತರದ ಜಾಗ ನೋಡ್ತಿರ್ಬೇಕು ಅಷ್ಟೇ. ನೆಂಟರೋ ಸ್ನೇಹಿತರೋ ಸಾಗರದ ಕಡೆ ಇದ್ರೆ ಅವರನ್ನೂ ಎಳ್ಕೊಳಿ. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಬಿದ್ದ ಉಲ್ಕಾಶಿಲೆ, ಒಟ್ಟು ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಸಿಕ್ಕಿದ್ದು, ಅದೆಲ್ಲಿಂದ ಬಂತು ಎಲ್ಲಿ ಬಿದ್ದಿರ್ಬೋದು ಅಂತ ಲೆಕ್ಕ ಸಿಕ್ಕಿದ್ದು ಇಂಥ ಕ್ಯಾಮೆರಾಗಳಿಂದ, ಮಳೆ ತಾಗಿ ಕೆಡೋ ಮುಂಚೆ ಹೆಚ್ಚಿನ ಪಾಲು ಆರಿಸ್ಕೊಂಡ್ರು. ನಮ್ಮಲ್ಲೂ ಬಿದ್ದಿದೆ, ಉಡುಪಿ ಹೆಸರಿನ ಉಲ್ಕಾಶಿಲೆಯೇ ಇದೆ, 1866ರದ್ದು. ಇವತ್ತು ಕೊಡಚಾದ್ರಿ ಕಾಡಲ್ಲಿ ಒಂದು ಕಲ್ಲು ಬಿದ್ರೆ ಎರಡು ಮೂರು ಕ್ಯಾಮೆರಾ ಲೆಕ್ಕ ಇಲ್ಲದೆ ಅದನ್ನ ಹುಡುಕೋಕೆ ಸಾಧ್ಯವೇ ಇಲ್ಲ, ಮಲೆನಾಡಲ್ಲಿ ಇಂಥ ಕ್ಯಾಮೆರಾ ಬೇಕು ಅಂತ ನನಗೆ ತುಂಬಾ ಆಸೆ.

ಈಗ ಮಳೆ ವಿಷ್ಯ. ಆಗುಂಬೆ ಪಕ್ಕದಲ್ಲಿರೋರಿಗೆ ನಾನು ಹೇಳೋದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾ ಇಳಿಸಿಬಿಡಿ. ಆಗಸ್ಟ್ 12-13ರ ಪರ್ಸೀಡ್ ಉಲ್ಕಾವೃಷ್ಟಿ ಕೈತಪ್ಪಿ ಹೋಗತ್ತೆ, ಬೇಜಾರೇ, ಆದ್ರೆ ಆ ಮೋಡದಲ್ಲಿ ಕ್ಯಾಮೆರಾ ಇದ್ರೂ ಕಾಣಲ್ಲ, ಮೂರು ತಿಂಗಳ ಥಂಡಿಗೆ ಲೆನ್ಸ್ ಒಳಗೆ ಬೂಸ್ಟು ಹಿಡಿದ್ರೆ ತೆಗೆಯೋಕೂ ಬರಲ್ಲ. ಚೆನ್ನಾಗಿ ಒಣಗಿದ ದಿನ ಬಿಚ್ಚಿ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹೊರಗೆ ಉಳಿಯೋ ಕೇಬಲ್ ತುದಿಗೆ ಪ್ಲಾಸ್ಟಿಕ್ ಸುತ್ತಿ ಕೆಳಮುಖ ಮಾಡಿ ಕಟ್ಟಿ. ಅದಕ್ಕಿಂತ ಅಪಾಯ ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಸಿಡಿಲು. ಪಿಒಇ ಅಂದ್ರೆ ಕರೆಂಟೂ ವಿಡಿಯೋನೂ ಒಂದೇ ಕೇಬಲ್‌ನಲ್ಲಿ, 100 ಮೀಟರ್‌ವರೆಗೆ ಎಳೀಬೋದು, ಅನುಕೂಲ ಹೌದು, ಆದ್ರೆ ಆ ಉದ್ದ ತಂತಿಯಲ್ಲಿ ಸಿಡಿಲಿನ ಕರೆಂಟ್ ಹರಿದು ಬಂದ್ರೆ ಕ್ಯಾಮೆರಾ, ಸ್ವಿಚ್, ರೌಟರ್ ಎಲ್ಲಾ ಒಟ್ಟಿಗೇ ಹೋಗತ್ತೆ. ಮೋಡ ಕಟ್ಟಿದ್ರೆ ಮನೆ ಒಳಗಿನ ತುದಿಯಿಂದ ಕೇಬಲ್ ಕಿತ್ತಿಡಿ, ಪೈಪ್‌ಗೆ ಅರ್ತಿಂಗ್ ಮಾಡಿಸಿ. ಕರೆಂಟ್ ಹೋಗಿ ಬಂದಾಗ ಪೈನ ಮೆಮೊರಿ ಕಾರ್ಡ್ ಕೆಡೋ ಸಂಭವ ಜಾಸ್ತಿ, ಪೈನ ಇನ್ವರ್ಟರ್ ಲೈನ್‌ಗೆ ಹಾಕಿ.

ಚಳಿಗಾಲದ ಇಬ್ಬನಿಗೆ ಕ್ಯಾಮೆರಾ ಮುಂದೆ ಒಂದು ಗೇಣಿನ ಪಿವಿಸಿ ಪೈಪ್ ಟೋಪಿ ಥರ ಹಾಕಿದ್ರೆ ಸ್ವಲ್ಪ ತಡೆಯತ್ತೆ, ಪೈಪಿನ ಅಂಚು ಫ್ರೇಮ್‌ನಲ್ಲಿ ಕಂಡ್ರೆ ಕತ್ತರಿಸಿ ಗಿಡ್ಡ ಮಾಡಿ. ಬೆಳಗಿನ ಜಾವದ ದಟ್ಟ ಮಂಜಿಗೆ ಮಾತ್ರ ಏನೂ ಮಾಡೋಕಾಗಲ್ಲ. ದಸರಾ ಕಳೆದು ಮಳೆ ಬಿಟ್ಟ ಮೇಲೆ ಮತ್ತೆ ಹಾಕಿ, ಅಕ್ಟೋಬರ್ 21-22ಕ್ಕೆ ಹ್ಯಾಲಿ ಧೂಮಕೇತುವಿನ ಧೂಳಿನಿಂದ ಬರೋ ಓರಿಯಾನಿಡ್ ಇದೆ, ಸೆಕೆಂಡ್‌ಗೆ 66 ಕಿಲೋಮೀಟರ್ ವೇಗ, ಜೆಮಿನಿಡ್‌ಗಿಂತ ಕಷ್ಟ, ಅದರಲ್ಲಿ ನಾಲ್ಕೈದು ಸಿಕ್ರೂ ಸೆಟ್ಟಿಂಗ್ ಸರಿಯಾಗಿದೆ ಅಂತ ತಿಳ್ಕೊಂಡು ಡಿಸೆಂಬರ್‌ಗೆ ಹಂಗೇ ಬಿಡ್ಬೋದು. ಆ ತಿಂಗಳು ಸಂಜೆ ಸಪ್ತರ್ಷಿ ಇರಲ್ಲ, ಫೋಕಸ್ ನೋಡೋಕೆ ಕ್ಯಾಮೆರಾನ ಸ್ವಲ್ಪ ಹೊತ್ತು ಪೂರ್ವಕ್ಕೆ ತಿರುಗಿಸಿ ಕೃತ್ತಿಕೆಯ ಚುಕ್ಕೆಗಳು ಬೇರೆ ಬೇರೆ ಕಾಣ್ತಾವಾ ನೋಡಿ, ಆಮೇಲೆ ಉತ್ತರಕ್ಕೆ ತಿರುಗಿಸಿ ನಟ್ ಬಿಗಿ ಮಾಡಿ.